ಬಾಟಲಿ ಬಾಯಿಯ ಈರುಳ್ಳಿ

ಲೋಕೇಶ್ ಬಿನ್ ನಲ್ಲಪ್ಪ, ವಯಸ್ಸು 33, ಲೇತ್ ಆಪರೇಟರ್, ವಾಸ ಅತ್ತಿಬೆಲೆ ಹಳೇ ಊರು, ಆದ ನಾನು ನನ್ನ ಹೆಂಡತಿಯ ಕಾಲೇಜಿನವರು ಕೊಟ್ಟ ದೂರಿನ ಮೇರೆಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಹೆಂಡತಿ ಗೌರಿ, 26 ವರ್ಷ, ಈ ವರ್ಷ ಡಿಗ್ರಿ ಕಾಲೇಜಿಗೆ ಸೇರಿ ಜೀವಶಾಸ್ತ್ರ ಓದುತ್ತಿದ್ದಾಳೆ. ಫೀಸು ಕಟ್ಟಿ ಸೇರಿಸಿದವನು ನಾನೇ.

ದಿನಾಂಕ 17-11-2025ರ ಸೋಮವಾರ ಅವಳು ಊಟದ ಡಬ್ಬಿ ಮರೆತು ಹೋಗಿದ್ದಳು. ಸೆಕೆಂಡ್ ಶಿಫ್ಟಿಗೆ ಹೋಗುವ ಮುನ್ನ ಕೊಟ್ಟು ಹೋಗೋಣವೆಂದು ಮಧ್ಯಾಹ್ನ 12-20ಕ್ಕೆ ಕಾಲೇಜಿಗೆ ಹೋದೆನು. ಲ್ಯಾಬಿನ ಕಿಟಕಿಯಲ್ಲಿ ನೋಡಲಾಗಿ, ಮುತ್ತಣ್ಣ ಎಂಬ ಅವಳ ಸಹಪಾಠಿ ಅವಳ ಬೆರಳು ಹಿಡಿದು ಸೂಜಿ ಚುಚ್ಚುತ್ತಿದ್ದನು. ಅವಳು ನಗುತ್ತಿದ್ದಳು. ಹೋದ ವರ್ಷ ಕಾಲಿಗೆ ಗಾಜು ಚುಚ್ಚಿದಾಗ ಇವಳು ನರ್ಸಿಗೂ ಮುಟ್ಟಗೊಡದೆ ನನ್ನ ತೊಡೆ ಮೇಲೆ ಕಾಲಿಟ್ಟು ತೆಗೆಸಿಕೊಂಡಿದ್ದಳು. ನನಗೆ ಹೊಟ್ಟೆ ಉರಿಯಿತು. ಇದನ್ನು ಹೀಗೆಯೇ ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

ಒಳಗೆ ನುಗ್ಗಿ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆನು. ಆ ರಭಸಕ್ಕೆ ಮೈಕ್ರೋಸ್ಕೋಪ್ ಕೆಳಗೆ ಬಿತ್ತು. ಬೇಕೆಂದೇ ಎತ್ತಿ ಎಸೆದೆ ಎಂಬುದು ಸುಳ್ಳು. ಮುತ್ತಣ್ಣನು, "ಅಣ್ಣಾರ, ಸಿಟ್ಟಾಗಬ್ಯಾಡ್ರಿ, ಅಕ್ಕಾರ ರಕ್ತದ ಗುಂಪು ನೋಡಾಕತ್ತೀವ್ರಿ" ಎಂದನು. ಅಕ್ಕ ಎಂದರೆ ಆಯಿತೇ? ಗೌರಿ ನನ್ನ ಕಡೆ ತಿರುಗಲೂ ಇಲ್ಲ. ರಕ್ತವಿದ್ದ ಗಾಜಿನ ತುಂಡಿಗೆ ಎರಡೂ ಕೈ ಅಡ್ಡ ಹಿಡಿದು, "ಮೇಡಂ, ಗಡ್ಡೆ ಕಟ್ತು ನೋಡಿ! ಬಿ ಪಾಸಿಟಿವ್!" ಎಂದು ಕೂಗಿದಳು. ಮದುವೆಯ ದಿನವೂ ಅವಳ ಮುಖ ಅಷ್ಟು ಅರಳಿರಲಿಲ್ಲ. ಹುಡುಗನ ಮೇಲಿನ ಸಿಟ್ಟು ಅಲ್ಲೇ ಇಳಿದು ಆ ಗಾಜಿನ ಮೇಲೆ ಬಂತು.

ಉಪನ್ಯಾಸಕಿ ನೀಲಾಂಬಿಕಾರವರು, ಇನ್ನೊಮ್ಮೆ ಗಲಾಟೆಯಾದರೆ ಗೌರಿಯನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಗೌರಿ ಹೊರಗೆ ಬಂದು, "ನೀವು ಸರಿಹೋಗೋವರ್ಗೂ ನಾನು ಅಮ್ಮನ ಮನೇಲೇ ಇರ್ತೀನಿ. ಈರುಳ್ಳಿ ನೀರು ದಿನಾ ಬದಲಾಯ್ಸಿ. ಒಣಗಿಸಿದ್ರೆ ಅಷ್ಟೇ ಕಣ್ರೀ" ಎಂದು ಹೇಳಿ ಆನೇಕಲ್ ಬಸ್ಸು ಹತ್ತಿದಳು. ಬೇರಿನ ಜೀವಕೋಶ ಒಡೆಯುವುದನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸುವ ಪರೀಕ್ಷೆಗೆಂದು ಅವಳು ನಮ್ಮ ಅಡುಗೆಮನೆ ಕಿಟಕಿಯಲ್ಲಿ, ನೀರು ತುಂಬಿದ ಬಾಟಲಿಯ ಬಾಯಿಗೆ ಈರುಳ್ಳಿ ಕೂರಿಸಿ ಬೇರು ಬೆಳೆಸುತ್ತಿದ್ದಳು.

ಆಮೇಲೆ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಬೇರು ಎಷ್ಟುದ್ದ ಬಂದಿದೆ ಎಂದೇ ಕೇಳಿದಳು. ಉಂಡ್ರಾ ಎಂದು ಒಂದು ಮಾತಿಲ್ಲ. ನಿನ್ನೆ ಬೆಳಿಗ್ಗೆ ಚಾಕು ಕೈಗೆತ್ತಿಕೊಂಡೆನು. ಹಾಳಾದ್ದನ್ನು ಹೆಚ್ಚಿ ಸಾರಿಗೆ ಒಗ್ಗರಣೆ ಹಾಕಿಬಿಡೋಣ ಎನಿಸಿತು. ಹಾಕಲಿಲ್ಲ. ನೀರು ಬದಲಾಯಿಸಿದೆನು.

ಮೈಕ್ರೋಸ್ಕೋಪಿನ ಮುರಿದ ತಿರುಪನ್ನು ನಾನೇ ಲೇತಿನಲ್ಲಿ ಮಾಡಿಕೊಡುತ್ತೇನೆ. ನನ್ನ ಮೇಲೆ ಏನು ಬೇಕಾದರೂ ಬರೆದುಕೊಳ್ಳಿ, ಅವಳ ಓದಿಗೆ ಕಲ್ಲು ಹಾಕಬೇಡಿ. ಇಂದು ಹತ್ತಕ್ಕೆ ಪರೀಕ್ಷೆ. ಬೇರಿನ ತುದಿಯನ್ನು ಬೆಳಿಗ್ಗೆಯೇ ಕತ್ತರಿಸಬೇಕಂತೆ, ಅದಕ್ಕೆ ಎಂಟೂವರೆಗೆ ಈರುಳ್ಳಿ ಒಯ್ಯಲು ಬರುತ್ತಾಳೆ. ಮನೆ ಬೀಗದ ಕೈ ನನ್ನ ಜೇಬಿನಲ್ಲಿದೆ. ದಯಮಾಡಿ ಬೇಗ ಸಹಿ ಹಾಕಿಸಿಕೊಳ್ಳಿ ಸಾರ್.

ಬರೆದುದನ್ನು ಓದಿ ಹೇಳಿದರು; ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಅತ್ತಿಬೆಲೆ
ದಿನಾಂಕ: 20-11-2025, ಬೆಳಿಗ್ಗೆ 8-10
(ಸಹಿ) ಲೋಕೇಶ್ ಎನ್.