ತೊಡೆಯ ಮೇಲಿನ ಪೇಟ

ಒಂದೂರಿಗೆ ಒಬ್ಬ ಶ್ರೀಮಂತ. ಯಜಮಾನನೂ ಅವನೇ, ನ್ಯಾಯ ಹೇಳುವವನೂ ಅವನೇ. ಅಲ್ಲೊಂದು ಪದ್ಧತಿ ಇತ್ತು, ನೋಡಿ. ತಪ್ಪು ಒಪ್ಪಿಕೊಂಡ ಮೇಲೂ ಕೂಡಲೇ ಶಿಕ್ಷೆ ಹೇಳುವ ಹಾಗಿಲ್ಲ. ಯಜಮಾನ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಇನ್ನೇನಾದ್ರೂ ಹೇಳೋದೈತಾ?" ಅಂತ ಕೇಳಬೇಕು. ತಪ್ಪು ಮಾಡಿದವರು ಹೇಳಿ ಮುಗಿಸುವವರೆಗೂ ಪೇಟ ತೊಡೆಯ ಮೇಲೇ. ಅದು ತಲೆಗೇರಿದ ಮೇಲೆಯೇ ತೀರ್ಪು.

ಒಂದು ಹಬ್ಬದ ದಿನ ಅವನ ಮನೆಯಲ್ಲೇ ಅನಾಹುತ. ದೇವರಿಗೆ ಎಡೆ ಇಡುವ ಮೊದಲೇ ಯಾರೋ ಹೋಳಿಗೆ ಮುರಿದಿದ್ದಾರೆ! ಅಡುಗೆಯವಳು ಆ ಮನೆಯ ಒಲೆ ಮುಂದೆಯೇ ತಲೆ ನರೆತವಳು. "ತಗೊಂಡಿದ್ದು ನಾನೇ ಬುದ್ಧಿ" ಅಂತ ಒಪ್ಪಿಕೊಂಡಳು. ಯಜಮಾನನಿಗೆ ಮೈಯೆಲ್ಲ ಉರಿದುಹೋಯಿತು. ನೆಂಟರ ಮುಂದೆ ಮಾನ ಹೋಯಿತಲ್ಲ! ಜಗಲಿಗೆ ಬಂದು ಕೂತು ಪೇಟ ತೆಗೆದ. "ಹೇಳೋದೈತಾ?" ಅಂದ. ಅಂದನೇನೋ ಸರಿ, ಕೈ ಆಗಲೇ ಪೇಟವನ್ನು ಮತ್ತೆ ತಲೆಗೆ ಸುತ್ತುತ್ತಿತ್ತು.

"ಐತೆ ಬುದ್ಧಿ, ಅದು..."

"ಸಾಕು ಮುಚ್ಚು! ಇವತ್ತೇ ಊರು ಬಿಡು."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಟುಹೋದಳು.

ಪೂಜೆ ಮುಗಿಯಿತು. ಹಾಸಿಗೆ ಹಿಡಿದಿದ್ದ ತಾಯಿಗೆ ಯಜಮಾನ ತಾನೇ ಊಟ ತೆಗೆದುಕೊಂಡು ಹೋದ. ಮುದುಕಿ ಅವನ ಹಿಂದೆ ಬಾಗಿಲ ಕಡೆ ನೋಡಿದಳು.

"ಅವಳೆಲ್ಲಿ ಮಗಾ? ಬೆಳಗ್ಗೆ ಹಸಿವು ತಡೀನಾರದೆ ಅತ್ತುಬಿಟ್ಟೆ ಕಣಪ್ಪಾ. ಪೂಜೆ ಆಗ್ಲಿ ಇರು ಅಂತ ನೀವೆಲ್ಲ ಹೋದ್ರಿ. ಅವಳೊಬ್ಬಳು ಹೋಳಿಗೆ ಮುರಿದು ನನ್ನ ಬಾಯಿಗಿಟ್ಲು."

ಅಯ್ಯೋ! ಬರಿತಲೆಯಲ್ಲೇ ಓಡಿದ. ಅವಳ ಮನೆಗೆ ಬೀಗ. ಯಾವ ದಾರಿ ಹಿಡಿದಳೋ ಯಾರಿಗೂ ಗೊತ್ತಿಲ್ಲ. ಸುತ್ತಲ ಹಳ್ಳಿಗಳಿಗೆಲ್ಲ ಆಳು ಕಳಿಸಿದ, ಸಿಗಲಿಲ್ಲ. ಸಾಯುವವರೆಗೂ ಆ ಮನುಷ್ಯ ಪೇಟ ತಲೆಗಿಡಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದ. ಇಟ್ಟುಕೊಂಡು ಏನು ಬಂತು? ಹೇಳುವವಳೆಲ್ಲಿ?

ಅವನು ಕೇಳಲಿಲ್ಲವೇ? ಕೇಳಿದ. ನೀವೂ ಕೇಳುತ್ತೀರಿ. ಸೊಸೆ ಹಾಲು ಉಕ್ಕಿಸಿದಳು, ಮಗಳು ತಡವಾಗಿ ಬಂದಳು. "ಯಾಕೆ ಹೀಗ್ಮಾಡ್ದೆ?" ಅಂತ ಗುಡುಗುತ್ತೀರಿ. ಅದು ಪ್ರಶ್ನೆಯೋ, ಬೈಗುಳವೋ, ನೀವೇ ಹೇಳಿ. ನಿಮ್ಮ ಪೇಟ ಆಗಲೇ ತಲೆ ಮೇಲಿದೆ!

ತಪ್ಪನ್ನು ತಪ್ಪಲ್ಲ ಅನ್ನಿ ಅಂತ ನಾನು ಹೇಳುತ್ತಿಲ್ಲ. ಇವತ್ತು ಮನೆಗೆ ಹೋಗಿ, ಸಿಟ್ಟು ಬಂದಾಗ ಮೊದಲು ಕೂತುಕೊಳ್ಳಿ. ಕೇಳಿ. ಕೇಳಿದ ಮೇಲೆ, ಅವರು ಹೇಳಿ ಮುಗಿಸುವವರೆಗೆ ಸುಮ್ಮನಿರಿ. ಬೈಯುವುದಿದ್ದರೆ ಆಮೇಲೆ ಬೈಯಿರಿ. ಅವನ ಅಡುಗೆಯವಳು ಹೊರಟುಹೋಗಿದ್ದಳು. ನಿಮ್ಮವರು ಇನ್ನೂ ಮನೆಯಲ್ಲಿದ್ದಾರೆ.