ತೊಟ್ಟಿಲ ಮೇಲಿನ ಹಕ್ಕಿ

ಇಟಲಿಯ ಅರೆಟ್ಸೊ ಊರಿನ ಬಸ್ಸಿನಲ್ಲಿ ತೆರೆಜಾ ಸೊಪ್ಪಿನ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದಳು. ಮುಂದಿನ ಸೀಟಿನಲ್ಲಿ ಒಬ್ಬ ಅತ್ತೆ, ಪಕ್ಕದಲ್ಲಿ ತುಂಬು ಬಸುರಿ ಸೊಸೆ; ಅವರ ಮಾತು ತೆರೆಜಾಳ ಕಿವಿಗೆ ಬೀಳುತ್ತಿತ್ತು. ಅತ್ತೆಯ ತೊಡೆಯ ಮೇಲೆ ಕಟ್ಟು ಹಾಕಿಸಿದ ಹಳೆಯ ಚಿತ್ರ: ತಾಯಿ ಮೇರಿ, ಮಡಿಲಲ್ಲಿ ಬಾಲ ಯೇಸು, ಅವನ ಮುಷ್ಟಿಯಲ್ಲಿ ಕೆಂಪು ಮುಖದ ಪುಟ್ಟ ಹಕ್ಕಿ.

"ಅತ್ತೆ, ಇದನ್ನ ನನ್ನ ಮಗುವಿನ ತೊಟ್ಟಿಲ ಮೇಲೆ ಹಾಕೋದು ಬೇಡ."

"ಯಾಕೆ ಮಿಲೇನಾ? ನಿನ್ನ ಗಂಡ ಮಲಗಿದ್ದೂ ಇದರ ಕೆಳಗೇ."

"ಅದಕ್ಕೇ ಇನ್ನೂ ಎದ್ದಿಲ್ಲ!"

"ತಮಾಷೆ ಸಾಕು. ಏನಾಯ್ತು ಹೇಳು."

"ಮ್ಯೂಸಿಯಮ್ಮಲ್ಲಿ ಒಬ್ರು ಹೇಳಿದ್ರು. ಹಿಂದಿನ ಚಿತ್ರಕಾರರು ಈ ಹಕ್ಕಿ ಬರೆದ್ರೆ, ಮಗು ಮುಂದೆ ಶಿಲುಬೆ ಮೇಲೆ ಸಾಯುತ್ತೆ ಅಂತ ಅರ್ಥವಂತೆ. ಆ ಕೆಂಪು ಅವನ ರಕ್ತವಂತೆ."

"ನಮ್ಮಮ್ಮ ಇದು ಕಾಯಿಲೆ ತಡೆಯೋ ಹಕ್ಕಿ ಅಂತಿದ್ಳು."

"ಯಾವುದು ನಿಜ?"

"ಯಾರಿಗ್ಗೊತ್ತು?"

"ಇದರ ಕೆಳಗೆ ಮಲಗಿದ ಮಕ್ಕಳೆಲ್ಲ ಬದುಕಿದ್ರಾ, ಅತ್ತೆ?"

ಅತ್ತೆ ಕೋಟಿನ ತೋಳಿನಿಂದ ಗಾಜು ಒರೆಸಿದಳು. "ಒಂದು ಮಗು ಉಳೀಲಿಲ್ಲ. ನಿನ್ನ ಗಂಡನಿಗಿಂತ ಮೊದಲಿಂದು."

"ಅಯ್ಯೋ! ಆದ್ರೂ ಇವರಿಗೂ ಇದನ್ನೇ ಹಾಕಿದ್ರಾ?"

"ಆ ಮಗು ಹೋದ್ಮೇಲೆ ಅಟ್ಟಕ್ಕೆ ಹಾಕಿದ್ದೆ. ಅವನು ಹುಟ್ಟಿದಾಗ ನಾನೇ ಇಳಿಸಿದೆ. ಹಕ್ಕಿ ನೋಡಿ ಅಲ್ಲ, ಆ ತಾಯಿಯ ಕೈ ನೋಡಿ. ಎಷ್ಟು ಬಿಗಿಯಾಗಿ ಹಿಡಿದಿದ್ದಾಳೆ! ಆ ಕೈಗೇನು ಅರ್ಥ ಅಂದ್ರು ಆ ಮ್ಯೂಸಿಯಮ್ಮಿನವರು?"

"ಕೈ ವಿಷಯ ಏನೂ ಹೇಳ್ಲಿಲ್ಲ."

ಬಸ್ಸು ನಿಂತಿತು.

"ಈಗೇನು ಮಾಡೋಣ, ಅತ್ತೆ?"

"ನಂಗೂ ತಿಳೀದು ಕಣೆ. ಮೊದ್ಲು ಹುಷಾರಾಗಿ ಇಳಿ."

ಮಿಲೇನಾ ಚಿತ್ರವನ್ನು ತಾನೇ ಎತ್ತಿಕೊಂಡಳು. ಅದನ್ನು ಹೊಟ್ಟೆಗೆ ಒರಗಿಸಿ, ಒಂದು ಕೈಯಿಂದ ಬಿಗಿಯಾಗಿ ಹಿಡಿದು ಮೆಟ್ಟಿಲಿಳಿದಳು.