ಆಲ್ಡರ್ ಕ್ರೀಕ್ ನಗರದ ನಿಲುವು

ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋದ ಶಾಸನಸಭೆಯಲ್ಲಿ, ಸಮಿತಿಯೊಂದರ ಎದುರಿನ ಮೈಕಿನ ಮುಂದೆ ಉದ್ದದ ಸಾಲು. ಹೆಸರು, ಊರು, ಮಸೂದೆಗೆ ಬೆಂಬಲವೋ ವಿರೋಧವೋ, ಅಷ್ಟನ್ನೇ ಹೇಳಬೇಕು. ಜನ ಬಾಡಿಗೆ ನೆಲದ ಮೇಲೆ ಟ್ರೇಲರ್ ಮನೆ ಇಟ್ಟುಕೊಂಡಿರುವ ಜಾಗವನ್ನು ಮಾಲೀಕ ಮಾರುವುದಾದರೆ ಮೊದಲು ಅಲ್ಲಿ ವಾಸವಿರುವವರನ್ನೇ ಕೊಳ್ಳುವಿರಾ ಎಂದು ಕೇಳಬೇಕೆನ್ನುವ ಮಸೂದೆ ಅದು. ಸಾಲಿನಲ್ಲಿ ನಿಂತಿದ್ದ ಒಫೀಲಿಯಾಳ ಟ್ರೇಲರ್ ಇರುವ ಜಾಗ ಆಗಲೇ ಮಾರಾಟಕ್ಕಿತ್ತು. ಮುಂದೆ ನಿಂತಿದ್ದ ಇಬ್ಬರ ಕೊರಳಲ್ಲಿ ತನ್ನೂರಿನ ನಗರಸಭೆಯ ಬ್ಯಾಡ್ಜ್ ಕಂಡು ಅವಳಿಗೆ ಧೈರ್ಯ ಬಂತು.

"ವಿರೋಧ ಅಂದ್ರೆ ಸಾಕಾ, ಲೋರ್ನಾ?" ಎಂದ ಅವರಲ್ಲಿ ಕೆಲಸಕ್ಕೆ ಹೊಸಬನಾದವ.

"ಸಾಕು. ಭಾಷಣ ಬೇಕಿಲ್ಲ."

"ನಮ್ಮ ಕೌನ್ಸಿಲ್‌ನಲ್ಲಿ ಇದು ಯಾವಾಗ ಚರ್ಚೆ ಆಯ್ತು?"

"ಎಲ್ಲಿ ಚರ್ಚೆ ಮಾರಾಯ, ಸಾವಿರಾರು ಮಸೂದೆ ಬರುತ್ವೆ. ನಗರದ ಅಧಿಕಾರ ಕಿತ್ಕೊಳ್ಳೋದನ್ನೆಲ್ಲ ವಿರೋಧಿಸಿ ಅಂತ ಕೌನ್ಸಿಲ್‌ನವರು ಜನವರಿಯಲ್ಲೇ ಒಪ್ಪಿಬಿಟ್ಟಿದ್ದಾರೆ. ಇದು ಕಿತ್ಕೊಳ್ಳುತ್ತೆ. ಮುಗೀತು."

"ವಿರೋಧದ ಪತ್ರಕ್ಕೆ ಮೇಯರ್ ಸಹಿ?"

"ಕಂಪ್ಯೂಟರಲ್ಲಿದೆ. ನಾನೇ ಹಾಕ್ತೀನಿ."

"ಅವರೇ ಹೋದ ಭಾನುವಾರ ಟ್ರೇಲರ್ ಜನರ ಜೊತೆ ಊಟಕ್ಕೆ ಕೂತು, ನಿಮ್ಮ ಪರ ನಿಲ್ತೀನಿ ಅಂದ್ರಲ್ಲ."

"ಮನಸಾರೆನೇ ಅಂದ್ರು ಪಾಪ. ಪತ್ರ ಹೋಗಿರೋದು ಅವರಿಗೆ ಗೊತ್ತಿಲ್ಲ."

ಆ ಊಟಕ್ಕೆ ಜೋಳದ ಹಿಟ್ಟಿನ ತಮಾಲೆ ಕಡುಬು ಮಾಡಿದ್ದವಳು ಒಫೀಲಿಯಾ.

ಲೋರ್ನಾ ಮೈಕಿಗೆ ಬಾಗಿ, "ಆಲ್ಡರ್ ಕ್ರೀಕ್ ನಗರ, ವಿರೋಧ," ಎಂದಳು.

"ನೀವು ಬನ್ನಿ ಅಮ್ಮಾ," ಎಂದು ಹೊಸಬ ದಾರಿ ಬಿಟ್ಟ.

ಒಫೀಲಿಯಾ ಹೆಸರು ಹೇಳಿದಳು, ಊರು ಹೇಳಿದಳು. ಸಮಿತಿಯ ಅಧ್ಯಕ್ಷೆ ತಲೆಯೆತ್ತಿದರು. "ಆಲ್ಡರ್ ಕ್ರೀಕ್ ಈಗಷ್ಟೇ ವಿರೋಧ ಅಂದಿತಲ್ಲ?"

ಒಫೀಲಿಯಾ ಹಿಂತಿರುಗಿ ನೋಡಿದಳು. ಅವರಿಬ್ಬರೂ ಮಾತಾಡಿಕೊಂಡು ಬಾಗಿಲು ದಾಟುತ್ತಿದ್ದರು.

"ಅದು ನಗರ," ಎಂದಳು. "ನಾನು ಅಲ್ಲಿ ಇರೋಳು. ಬೆಂಬಲ."